ಊಟಕ್ಕೆ ಕರೆಯುವ ಆಸ್ವಾಲ್ಡರು

ಗಲ್ಫಿನ ರುಸೈಲಿನ ಕಾರ್ಮಿಕರ ಕ್ಯಾಂಪಿಗೆ ಬಾಸ್ ಆಗಿದ್ದ ಉಡುಪಿಯ ಆಸ್ವಾಲ್ಡರಿಗೆ ಫಾರಮ್ಮಿನಲ್ಲಿ ‘ಭಾಷೆ: ಹಿಂದಿ’ ಎಂದು ಬರೆದದ್ದನ್ನು ಕಂಡರೆ ಮೈ ಉರಿಯುತ್ತಿತ್ತು. ಎಂಬತ್ತೇಳರಲ್ಲಿ ಬಿಹಾರದ ಪೂರ್ಣಿಯಾ ಜಿಲ್ಲೆಯೊಂದರಿಂದಲೇ ಮೂವತ್ತು ಜನ ಬಂದಿಳಿದಾಗ ಆಫೀಸಿನವರು ಎಲ್ಲರಿಗೂ ಅದನ್ನೇ ಗೀಚಿ ಕಳಿಸಿದ್ದರು. “ನಮ್ಮಲ್ಲಿ ಒಂದು ಬಸ್ಸಿನೊಳಗೇ ನಾಲ್ಕು ಭಾಷೆ ಉಂಟು ಮಾರಾಯ್ರೆ, ಅಷ್ಟು ದೊಡ್ಡ ಜಿಲ್ಲೆಗೆ ಒಂದೇ ಅಂತೆ!” ಎಂದು ಗೊಣಗುತ್ತ ಅವರು ಒಬ್ಬೊಬ್ಬರನ್ನೇ ಕೂರಿಸಿ, ಸುಲೈಮಾನಿ ಚಹಾ ಕೊಟ್ಟು, ತಮ್ಮ ಹರುಕುಮುರುಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಮನೆಯಲ್ಲಿ ಅಮ್ಮ ಊಟಕ್ಕೆ ಹೇಗೆ ಕರೆಯುತ್ತಾರೆ? ಉತ್ತರವನ್ನು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮೈಥಿಲಿಯವರನ್ನು ಒಂದು ಕೋಣೆಗೆ, ಸುರ್ಜಾಪುರಿಯವರನ್ನು ಇನ್ನೊಂದಕ್ಕೆ, ಬಂಗಾಳಿಯವರನ್ನು ಮತ್ತೊಂದಕ್ಕೆ ಹಾಕುತ್ತಿದ್ದರು. ಒಂದೇ ಭಾಷೆಯವರಲ್ಲೂ ಕೆಲವರು ಊರಿನ ನದಿಯ ಆಚೆಯವರು, ಕೆಲವರು ಈಚೆಯವರೆಂದು ತಿಳಿದರೆ ಮಂಚಗಳು ಜಾಗ ಬದಲಿಸುತ್ತಿದ್ದವು. ಯಾರಾದರೂ ಕೆಮ್ಮಿದರೂ ಅದು ಯಾವ ಊರಿನ ಕೆಮ್ಮೆಂದು ಕಿವಿಗೊಡುತ್ತಿದ್ದರು. ಸಂತಾಲಿ ಮಾತಾಡುವ ಸೋಮಾಯ್ ಮುರ್ಮುವಿಗೆ ಮಾತ್ರ ಜೊತೆ ಸಿಗಲಿಲ್ಲ. ಇಡೀ ಕ್ಯಾಂಪಿನಲ್ಲಿ ಆ ಭಾಷೆಯವನು ಅವನೊಬ್ಬನೇ. ಉಳಿದವರಿಗೆಲ್ಲ ಮೆಸ್ಸಿನ ಗಂಟೆ ಸಾಕಾಗುತ್ತಿತ್ತು. ಮುರ್ಮುವಿನ ಬಾಗಿಲಿಗೆ ಒಂದು ಸಂಜೆ ಆಸ್ವಾಲ್ಡರು ತಾವೇ ಹೋಗಿ, ಪುಸ್ತಕದಲ್ಲಿ ಬರೆದುಕೊಂಡಿದ್ದ ಅವನ ಅಮ್ಮನ ಕರೆಯನ್ನು ನೋಡಿಕೊಂಡು “ದಾಕಾ ಜೋಮ್ ಮೆ” ಎಂದು ಕರೆದರು. ಅವನು ಏಳಲಿಲ್ಲ. ತಪ್ಪು ಓದಿದೆನೇನೋ ಎಂದು ಇವರು ಕನ್ನಡಕ ಒರೆಸಿಕೊಳ್ಳುವಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು “ಇನ್ನೊಂದು ಸಲ ಕರೆಯಿರಿ, ಸಾಬ್” ಎಂದು ಹಿಂದಿಯಲ್ಲಿ ಹೇಳಿದ. ಅಂದಿನಿಂದ ಆ ಬಾಗಿಲಲ್ಲಿ ದಿನವೂ ಎರಡು ಕರೆ. ಮೊದಲನೆಯದಕ್ಕೆ ಅವನು ಏಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.