ಉಡದಾರದ ಕೀಲಿಕೈ

ಗಜೇಂದ್ರಗಡದ ನಮ್ಮ ಕಾಲೋನಿಗೆ ಒಬ್ಬ ಅಧ್ಯಕ್ಷರಿದ್ದರು. ನಿಂತ ಎದೆಬಡಿತವನ್ನು ಶಾಕ್ ಕೊಟ್ಟು ಮತ್ತೆ ಎಬ್ಬಿಸುವ ಯಂತ್ರವೊಂದನ್ನು ದಾನಿಗಳು ಕೊಟ್ಟಾಗ, ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಗುಡಿಯ ಗೋಡೆಗೆ ಕೂರಿಸಿದರು. ಮೇಲೆ ‘ಎಲ್ಲರ ಬಳಕೆಗೆ’ ಎಂದು ಬರೆಸಿ, ಕೆಳಗೆ ಕೀಲಿ ಜಡಿದರು. ಕೀಲಿಕೈ ಅವರ ಉಡದಾರದಲ್ಲಿ ನೇತಾಡುತ್ತಿತ್ತು.

ವರ್ಷಕ್ಕೊಮ್ಮೆ, ದಸರೆಯ ಖಂಡೆಪೂಜೆಯ ದಿನ, ಯಂತ್ರ ಹೊರಬಂದು ವಿಭೂತಿ ಹಚ್ಚಿಸಿಕೊಂಡು ಒಳಹೋಗುತ್ತಿತ್ತು. ನಡೆಸುವುದನ್ನು ನಮಗೂ ಕಲಿಸಿರಿ ಎಂದರೆ ಒಂದೇ ಉತ್ತರ: “ಎಲ್ಲಾರದೂ ಐತ್ರಿ. ಅದಕ್ಕ ಯಾರೂ ಮುಟ್ಟಬಾರದು.”

ಒಂದು ಮುಂಜಾನೆ ಆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದ ಅಧ್ಯಕ್ಷರು ಅಲ್ಲೇ ಕುಸಿದುಬಿದ್ದರು. ಉಸಿರಿರಲಿಲ್ಲ. ಉಡದಾರದ ಗಂಟು ಬಿಚ್ಚಲು ಹೋದೆ; ಅಧ್ಯಕ್ಷರು ಹಾಕಿದ ಗಂಟು, ನನ್ನ ಕೈಗೆ ಬಗ್ಗೀತೇ? ಅಷ್ಟರಲ್ಲಿ ಎದುರುಮನೆಯ ಸೀರೆ ನೇಯುವ ಅಕ್ಕ ಮಗ್ಗ ಬಿಟ್ಟು ಓಡಿಬಂದು, ಗುಂಡಕಲ್ಲಿನಿಂದ ಕೀಲಿ ಒಡೆದಳು. ಅಧ್ಯಕ್ಷರು ಕಲಿಸದ್ದನ್ನು ಯಂತ್ರವೇ ಮಾತಾಡಿ ಹೇಳಿಕೊಟ್ಟಿತು. ಅದು ಹೇಳಿದಂತೆ ಅಕ್ಕ ಎದೆಗೆ ಪಟ್ಟಿ ಅಂಟಿಸಿ, ಗುಂಡಿ ಒತ್ತಿದಳು.

ಹತ್ತು ದಿನಕ್ಕೆ ದವಾಖಾನೆಯಿಂದ ಬಂದ ಅಧ್ಯಕ್ಷರು ಮನೆಗೂ ಹೋಗದೆ ನೆಟ್ಟಗೆ ಪೆಟ್ಟಿಗೆಯ ಮುಂದೆ ನಿಂತರು. ಒಡೆದ ಕೀಲಿಯನ್ನು ತಿರುವಿ ಮುರುವಿ ನೋಡಿ, ಅಕ್ಕನನ್ನು ಕರೆದು ಕೇಳಿದರು:

“ಅಲ್ಲವ್ವಾ, ನನಗ ಒಂದು ಮಾತು ಕೇಳಿದ್ದರ ಕೀಲಿಕೈ ಕೊಡತಿದ್ದಿಲ್ಲೇನು?”