ಬಾಯಿಗೆ ಬಿಟ್ಟ ನೀರು

ನಾವು ಬಂದು ನೆಲೆಸಿರುವ ಈ ಪರದೇಶದ ನಗರದಲ್ಲಿ, ಹೆಂಡರ್ಸನ್ ಎಂಬ ಬಡಾವಣೆಯಲ್ಲಿ, ಹೊರದೇಶಗಳಿಂದ ಹೊಸದಾಗಿ ಬಂದ ನರ್ಸ್‌ಗಳಿಗೆ ನಾನು ನೀತಿಶಾಸ್ತ್ರದ ಪಾಠ ಮಾಡುತ್ತೇನೆ. ಕಲಿಸುವುದು ಬ್ರಹ್ಮವಿದ್ಯೆಯೇನಲ್ಲ. ಒಂದು ಕೆಲಸ ಸರಿಯೋ ತಪ್ಪೋ ಎಂದು ಅದರ ಫಲ ನೋಡಿ ಹೇಳುವವರಿದ್ದಾರೆ. ಫಲ ಏನಾದರಾಗಲಿ, ಕರ್ತವ್ಯ ಬಿಡಬಾರದು ಎನ್ನುವವರಿದ್ದಾರೆ. ಒಳ್ಳೆಯ ಮನುಷ್ಯನೊಬ್ಬ ಈ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದ ಎಂದು ಕೇಳುವವರೂ ಇದ್ದಾರೆ. ಆಸ್ಪತ್ರೆಗಳು ಮಾತ್ರ ಇವೆಲ್ಲಕ್ಕಿಂತ ಮೇಲೆ ಕೂರಿಸಿರುವುದು ರೋಗಿಯ ಸ್ವಂತ ತೀರ್ಮಾನವನ್ನು. ದೇಹ ಅವರದು, ಕೊನೆಯ ಮಾತೂ ಅವರದೇ. ಇದನ್ನು ಹೇಳುವಾಗ ಮೊದಲು ನನ್ನ ದನಿ ಗಟ್ಟಿಯಾಗಿರುತ್ತಿತ್ತು. ಈಗ ಆ ಸ್ಲೈಡು ಬಂದರೆ ಬೇಗ ಮುಂದಕ್ಕೆ ಹೋಗುತ್ತೇನೆ.

ಅತ್ತೆ ಬಾಗಲಕೋಟೆಯಿಂದ ಇದೇ ನಗರದ ಫ್ಲ್ಯಾಟ್ ಬುಷ್‌ನ ನಮ್ಮ ಮನೆಗೆ ಬಂದಾಗ ಸೀರೆಗಳ ನಡುವೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ ತಂದಿದ್ದರು. ಗಂಗಾಜಲ. ಏರ್‌ಪೋರ್ಟಿನ ಅಧಿಕಾರಿ ಅದನ್ನು ಅಲುಗಾಡಿಸಿ ನೋಡಿ, ಕುಡಿಯುವುದಕ್ಕೋ ಎಂದು ಕೇಳಿದ. ಅತ್ತೆಯನ್ನು ಜೊತೆಯಲ್ಲಿ ಕರೆತಂದಿದ್ದ ನಾನು ಹೌದೆಂದೆ. ಯಾವಾಗ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಾಯುವಾಗ ಮಗ ಬಾಯಿಗೆ ನೀರು ಬಿಡಬೇಕು, ಇಲ್ಲದಿದ್ದರೆ ಜೀವ ನೀರಡಿಸಿ ಅಲೆಯುತ್ತದೆ ಎಂಬುದು ಅತ್ತೆಯ ನಂಬಿಕೆ. ಇದ್ದೊಬ್ಬ ಮಗ ಇಲ್ಲಿದ್ದಾನೆ ಅಂದಮೇಲೆ ನೀರೂ ಇಲ್ಲೇ ಇರಬೇಕಲ್ಲ. ಗಿಂಡಿ ನಮ್ಮ ದೇವರ ಗೂಡಿನಲ್ಲಿ ಕೂತಿತು.

ಪಾರ್ಶ್ವವಾಯು ಹೊಡೆದಾಗ ಅವರು ರೊಟ್ಟಿ ಬಡಿಯುತ್ತಿದ್ದರು. ಎಡಗೈ ಹೋಯಿತು, ನುಂಗುವ ಶಕ್ತಿ ಹೋಯಿತು. ಬುದ್ಧಿ, ಮಾತು ಉಳಿದವು. ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಿದ್ದರು. ಬಾಯಿಗೆ ಏನೂ ಹಾಕುವಂತಿರಲಿಲ್ಲ. ನೀರು ಕೊಟ್ಟರೆ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದಿದ್ದರು. ಕಡ್ಡಿಗೆ ಸಿಕ್ಕಿಸಿದ ಒದ್ದೆ ಸ್ಪಂಜಿನಿಂದ ತುಟಿ ಒರೆಸಬಹುದಿತ್ತು, ಅಷ್ಟೆ. ಅತ್ತೆ ಆ ಸ್ಪಂಜನ್ನು ಕಚ್ಚಿ ಹಿಡಿದು ಹೀರಲು ನೋಡುತ್ತಿದ್ದರು. ಬಿಡಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಹಸುಗೂಸಿನ ಬಾಯಿಂದ ಮೊಲೆ ಕಿತ್ತುಕೊಂಡಂತೆ ಅನಿಸುತ್ತಿತ್ತು.

"ಹೊಟ್ಟಿ ತುಂಬೇತಿ, ಬಾಯಿ ಸುಡಾಕತ್ತೇತಿ. ಒಂದ ಗುಟುಕ ನೀರ ಕೊಡವಾ" ಎನ್ನುತ್ತಿದ್ದರು.

ನುಂಗುವುದನ್ನು ಪರೀಕ್ಷಿಸಲು ಬರುತ್ತಿದ್ದ ಹುಡುಗಿ ಒಳ್ಳೆಯವಳು. ಆ ಶಕ್ತಿ ಮರಳುವ ಲಕ್ಷಣ ಕಡಿಮೆ, ಅಪಾಯ ತಿಳಿದೂ ನೀರು ಬೇಕೆಂದರೆ ಕೊಡಬಹುದು, ಅದು ಅವರ ಹಕ್ಕು ಎಂದಳು. ವಾರ್ಡಿನ ಡಾಕ್ಟರು ದುಭಾಷಿಯನ್ನು ಕರೆಸಿ ಅತ್ತೆಯನ್ನೇ ಕೇಳಿದರು. ನೀರು ಕುಡಿದರೆ ಜೀವ ಹೋಗಬಹುದು, ಗೊತ್ತೇ? ಗೊತ್ತು ಎಂದರು ಅತ್ತೆ. ಆದರೂ ಬೇಕೇ? ಒಂದು ಹೂಂ ಅಂದಿದ್ದರೆ ಸಾಕಿತ್ತು.

"ನನ್ನ ಮಗನ್ನ ಕೇಳ್ರಿ. ಅಂವ ಡಾಕ್ಟರ ಅದಾನ" ಎಂದರು, ಆ ಸ್ಥಿತಿಯಲ್ಲೂ ಹೆಮ್ಮೆಯಿಂದ.

ಡಾಕ್ಟರು ಬಿಡಲಿಲ್ಲ, ಮಗನದಿರಲಿ, ನಿಮಗೇನು ಬೇಕು ಎಂದರು. ಮಗ ಹೇಳಿದ್ದೇ ತನಗೆ ಬೇಕಾದ್ದು ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು. ತೀರ್ಮಾನ ನಿಮ್ಮದು ಎಂದು ಕೈಗೆ ಕೊಟ್ಟರೆ, ಅದನ್ನು ಹಾಗೇ ತೆಗೆದು ಮಗನ ಕೈಗಿಟ್ಟುಬಿಟ್ಟರು. ಮಗನನ್ನು ಓದಿಸಿದ್ದೇ ಇದಕ್ಕೆ ಎಂದು ಅವರ ಲೆಕ್ಕ. ಇಂಥ ರೋಗಿಗೆ ನನ್ನ ಸ್ಲೈಡಿನಲ್ಲಿ ಜಾಗವಿರಲಿಲ್ಲ.

ನನ್ನ ಗಂಡ ಬೇಡ ಎಂದರು. ಹುಬ್ಬಳ್ಳಿಯಲ್ಲಿ ಓದಿ, ಇಲ್ಲಿ ಮತ್ತೆ ಪರೀಕ್ಷೆ ಕಟ್ಟಿ ಡಾಕ್ಟರಾದವರು. ಬೇರೆಯವರ ತಾಯಿಯಾಗಿದ್ದರೆ ನೀರು ಕೊಡಿ ಎಂದು ಅವರೇ ಹೇಳುತ್ತಿದ್ದರು. ಕಾರಿಡಾರಿನಲ್ಲಿ ನಿಲ್ಲಿಸಿ ಅದನ್ನೇ ಮುಖಕ್ಕೆ ಹೇಳಿದೆ. ಹಕ್ಕು, ಕರುಣೆ, ನನಗೆ ಗೊತ್ತಿದ್ದನ್ನೆಲ್ಲ ಒದರಿದೆ.

"ನೀ ಕ್ಲಾಸಿನ್ಯಾಗ ಹೇಳೂದು ಬ್ಯಾರೆ" ಎಂದರು. "ಅವ್ವನ್ನ ನನ್ನ ಕೈಯಾರೆ ಕೊಲ್ಲಂತೀ ಏನು?"

ಹಾಗಾದರೆ ನೀರಡಿಸಿ ಸಾಯಲಿ ಅನ್ನುತ್ತೀರಾ ಎಂದೆ. ಅವರು ಲಿಫ್ಟಿನ ಕಡೆ ನಡೆದರು. ಅಂದಿನಿಂದ ಆಸ್ಪತ್ರೆಗೆ ಹೋಗುವಾಗ ಬರುವಾಗ ಕಾರಿನಲ್ಲಿ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಮರುದಿನ ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಗಂಡ ಏನಾದರೂ ಅಂದುಕೊಳ್ಳಲಿ ಎಂದು ಚಮಚದಲ್ಲಿ ನೀರು ತಂದು ಅತ್ತೆಯ ತುಟಿಯ ಹತ್ತಿರ ಹಿಡಿದೆ. ಅವರು ಆ ನೀರನ್ನೇ ನೋಡಿದರು. ಒಡೆದ ನಾಲಿಗೆ ಹೊರಬಂತು, ಮತ್ತೆ ಒಳಗೆ ಹೋಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಬ್ಯಾಡವಾ. ಏನರ ಹೆಚ್ಚುಕಡಿಮಿ ಆದ್ರ ಅಂವ ಜಲ್ಮೆಲ್ಲಾ ಕೊರಗತಾನ."

ಚಮಚದ ನೀರನ್ನು ಸಿಂಕಿಗೆ ಚೆಲ್ಲಿದೆ. ತಾಯಿ ಮಗ ಇಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟು ಬಂದಿತ್ತು.

ಹನಿ ನೀರು ಇಳಿಯದಂತೆ ಕಾಪಾಡಿದ್ದ ಶ್ವಾಸಕೋಶಕ್ಕೆ ಕೊನೆಗೆ ಅವರ ಎಂಜಲೇ ಇಳಿದು ನ್ಯುಮೋನಿಯಾ ಆಯಿತು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಬೆಳಿಗ್ಗೆ ಗಂಡ ಗಿಂಡಿ ತರಲು ಮನೆಗೆ ಓಡಿದರು. ವಾಪಸು ಬರುವಾಗ ಮೋಟರ್‌ವೇಯಲ್ಲಿ ಕಾರುಗಳು ನಿಂತುಬಿಟ್ಟಿದ್ದವಂತೆ. ಅವರು ಬಂದು ಮುಟ್ಟುವಷ್ಟರಲ್ಲಿ ಅತ್ತೆ ಹೋಗಿದ್ದರು.

ಗ್ಯಾರೇಜಿನಿಂದ ಇಕ್ಕಳವನ್ನೂ ತಂದಿದ್ದರು. ಮಂಚದ ಪಕ್ಕ ನಿಂತು ಗಿಂಡಿಯ ಬೆಸುಗೆ ಕಿತ್ತು, ಚಮಚಕ್ಕೆ ಬಗ್ಗಿಸಿ ತಾಯಿಯ ಬಾಯಿಗೆ ಬಿಟ್ಟರು. ನೀರು ಓರೆಯಾದ ತುಟಿಯಂಚಿನಿಂದ ಹೊರಹರಿದು ದಿಂಬಿಗಿಳಿಯಿತು. ಟವೆಲಿನಿಂದ ಗದ್ದ ಒರೆಸಿದರು. ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿ, "ಇನ್ನೊಂದ ಚಮಚ ಬಿಡ್ಲೇನು?" ಎಂದು ಕೇಳಿದರು.

"ಬಿಡ್ರಿ" ಎಂದೆ. "ಈಗ ಏನೂ ಆಗೂದಿಲ್ಲ."