ಕಸದ ಹೊಂಡಕ್ಕೆ ಇದ್ದಿಲ ಮಣ್ಣು

ಪೇಟೆಯ ಕಸವನ್ನು ಆಗ ವರದಮೂಲದ ದಾರಿಯ ಹಳೆಯ ಕಲ್ಲುಗಣಿ ಹೊಂಡಕ್ಕೆ ಸುರಿಯುತ್ತಿದ್ದರು. ವರದಮೂಲದ ದೇವಸ್ಥಾನಕ್ಕೆ ನಡೆದುಹೋಗುವ ನಾವು ಅಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಕಸಕ್ಕೆ ಮಣ್ಣು ಮುಚ್ಚುವ ಕೆಲಸ ಕೆರಿಯಪ್ಪನದು. ಎಪ್ಪತ್ತೆಂಟರಲ್ಲಿ ಬ್ಯಾಕೋಡಿನ ಕಡೆಯಿಂದ ಜಟ್ಟಪ್ಪ ಕೆಲಸಕ್ಕೆ ಬಂದ. ಹೊಂಡವನ್ನು ಇಬ್ಬರಿಗೂ ಅರ್ಧರ್ಧ ಹಂಚಿದರು. ಚೆನ್ನಾಗಿ ಮುಚ್ಚಿದವನನ್ನು ಮೇಸ್ತ್ರಿ ಮಾಡುವುದಾಗಿ ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರು ಹೇಳಿದರು. ಕೆರಿಯಪ್ಪ ಆ ಕೆಲಸ ತನ್ನದೇ ಎಂದುಕೊಂಡಿದ್ದ.

ಜಟ್ಟಪ್ಪ ಮೊದಲು ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದವನು. ವಾಸನೆ ತಡೆಯಲೆಂದು ಮಣ್ಣಿಗೆ ಇದ್ದಿಲ ಪುಡಿ ಬೆರೆಸಿ ಮುಚ್ಚಿದ. ಮಳೆ ಬಿದ್ದ ಮೇಲೆ ಅವನ ಕಡೆ ಹುಲ್ಲು ಎದ್ದಿತು. ಕೆರಿಯಪ್ಪನ ಕಡೆ ಮೊಳೆತದ್ದೂ ಹಳದಿಯಾಗಿ ಸತ್ತಿತು. ಅಲ್ಲಿ ಮಣ್ಣಿನ ಬಿರುಕಿನ ಬಳಿ ಕಡ್ಡಿ ಗೀರಿದರೆ, ಕೊಳೆತ ಕಸದ ಗ್ಯಾಸು ಹತ್ತಿ ಗೋಬರ್ ಗ್ಯಾಸಿನಂತೆ ನೀಲಿ ಉರಿ ಏಳುತ್ತಿತ್ತು.

ಕೆರಿಯಪ್ಪನ ಹೆಂಡತಿ ವೆಂಕಮ್ಮ ದನಕ್ಕೆ ಜಟ್ಟಪ್ಪನ ಕಡೆಯ ಹುಲ್ಲನ್ನೇ ಕೊಯ್ದು ತಂದಳು.

"ನಾಳೆ ಅನ್ನನೂ ಅವನ ಮನೆಯಿಂದ್ಲೇ ತಗಂಬಾ" ಎಂದ ಕೆರಿಯಪ್ಪ.

"ನಿಮ್ಮ ಕಡೆ ಬೆಳೆದ್ರೆ ನಿಮ್ಮದೇ ಕೊಯ್ತೀನಿ. ದನ ಹೊಟ್ಟೆಕಿಚ್ಚು ತಿಂತದಾ?"

ಕೆರಿಯಪ್ಪ ಮರುದಿನವೇ ತಾಳಗುಪ್ಪದ ಕಡೆ ಹೋಗಿ ಆಗಷ್ಟೇ ಸುಡುವ ಗೂಡು ಒಡೆದು ತೆಗೆದ ಇದ್ದಿಲನ್ನು ಗಾಡಿಯಲ್ಲಿ ತಂದ. ಗೂಡಿನವರು ಅದನ್ನು ಬಯಲಲ್ಲಿ ಹರಡಿ, ಪೂರ್ತಿ ತಣಿಯಿತೇ ಎಂದು ಕಾದು ನೋಡಿ ಚೀಲಕ್ಕೆ ತುಂಬುತ್ತಾರೆ. ಇವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೈಗೆ ತಣ್ಣಗಿದ್ದ ಇದ್ದಿಲಿನ ಒಳಗೆಲ್ಲೋ ಕೆಂಡ ಉಳಿದಿತ್ತು. ಮಣ್ಣಿಗೆ ಬೆರೆಸಿ ಹರಡಿದ ಮಧ್ಯಾಹ್ನವೇ ಗಾಳಿ ಎದ್ದು, ಬಿರುಕಿನಿಂದ ಬಿರುಕಿಗೆ ಬೆಂಕಿ ಓಡಿತು.

ಜಟ್ಟಪ್ಪ ಓಡಿಬಂದು ಹಸಿಮಣ್ಣು ಎಳೆದು ಮುಚ್ಚಿದ. ಇಬ್ಬರೂ ಮಸಿಯಾಗಿ ಕುಳಿತಾಗ ಕೇಳಿದ: "ನನ್ನ ಒಂದ್ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ ಕೆರಿಯಣ್ಣ?"

"ನೀ ಹೇಳ್ತಿದ್ದೆ. ಅದಕ್ಕೇ ನಾ ಕೇಳ್ಲಿಲ್ಲ."

ಇನ್ಸ್‌ಪೆಕ್ಟರು ವಿಚಾರಿಸಿದಾಗ ಜಟ್ಟಪ್ಪ, ದಾರಿಹೋಕರ ಬೀಡಿಯಿಂದ ಹತ್ತಿತು ಎಂದುಬಿಟ್ಟ. ಕೆರಿಯಪ್ಪ ಮೇಸ್ತ್ರಿಯಾಗುವ ಅವಕಾಶ ಹಾಗೇ ಉಳಿಯಿತು. ಮುಂದಿನ ಸೋಮವಾರ ದೇವಸ್ಥಾನಕ್ಕೆಂದು ಹೊರಟು ದಾರಿಯಲ್ಲಿ ನನ್ನ ಜೊತೆ ಹೆಜ್ಜೆ ಹಾಕುತ್ತಾ ಅವನೇ ಹೇಳಿದ: "ಹುಲ್ಲಿನಾಗೂ ಗೆದ್ದ, ಒಳ್ಳೇತನದಾಗೂ ಅವನೇ ಗೆಲ್ಬೇಕೇನ್ರಮ್ಮ? ಇದನ್ನ ನಾ ಸಹಿಸಲ್ಲ."

ದೇವಸ್ಥಾನಕ್ಕೆ ಬರದೆ ಅಲ್ಲಿಂದಲೇ ಹಿಂದಿರುಗಿ, ಇನ್ಸ್‌ಪೆಕ್ಟರ ಬಳಿ ನಡೆದದ್ದನ್ನು ಒಪ್ಪಿಕೊಂಡ. ಮೇಸ್ತ್ರಿ ಕೆಲಸ ಜಟ್ಟಪ್ಪನಿಗೆ ಹೋಯಿತು. ಅವನ ಕೈಕೆಳಗೆ ಕೆರಿಯಪ್ಪ ಎಂಬತ್ತಾರರವರೆಗೆ ದುಡಿದ. ಅವನು ಹೇಳಿದಂತೆ ಇದ್ದಿಲನ್ನು ಪೂರ್ತಿ ತಣಿಸಿಯೇ ಬೆರೆಸುತ್ತಿದ್ದ. ಆದರೆ ಜಟ್ಟಪ್ಪನನ್ನು ಮೇಸ್ತ್ರಿ ಎಂದು ಒಮ್ಮೆಯೂ ಕರೆಯಲಿಲ್ಲ.